ಚೆಕಿಂಗ್ ಮಾಸ್ತರರ ಎರಡನೇ ಬಾಯಿ

ಮೊನ್ನೆ ಬ್ಲೇಡು ಹುಡುಕುತ್ತಿದ್ದೆ. ಷೇವಿಂಗ್ ಸಾಮಾನಿನ ತಗಡಿನ ಡಬ್ಬದ ತಳದಲ್ಲಿ, ಸವೆದುಹೋದ ಪಟಿಕದ ಚೂರಿನ ಪಕ್ಕ, ಒಂದು ನಟ್ಟು ಬೆರಳಿಗೆ ಸಿಕ್ಕಿತು. ಎಂಟು ಎಂಎಂ ನಟ್ಟು. ಮೂಸಿ ನೋಡಿದೆ. ಇಷ್ಟು ವರ್ಷವಾದರೂ ಅದರ ಹೊಟ್ಟೆಯೊಳಗೆ ಕಟಿಂಗ್ ಆಯಿಲ್ಲಿನ ವಾಸನೆ ಇತ್ತು... ಅಥವಾ ಅದು ನನ್ನ ಮೂಗಿನ ಹಠವೋ ಏನೋ. ಆ ನಟ್ಟಿಗೆ ಯಾವ ಬೋಲ್ಟು ಹಾಕಿದರೂ ಎರಡು ಸುತ್ತು ಹೋಗಿ ಅರ್ಧಕ್ಕೆ ನಿಲ್ಲುತ್ತದೆ. ಅದನ್ನು ಕೆಡಿಸಿದವನು ನಾನೇ. ಯಾಕೆ ಕೆಡಿಸಿದೆ, ಮೊನ್ನೆ ಗಡ್ಡ ಹೆರೆದುಕೊಂಡು ಎಲ್ಲಿಗೆ ಹೊರಟಿದ್ದೆ ಅನ್ನುವುದನ್ನು ಹೇಳುತ್ತೇನೆ. ಆದರೆ ಮೊದಲು ನಾನು ಯಾರು ಅನ್ನುವುದು ನಿಮಗೆ ಗೊತ್ತಾಗಬೇಕು.

ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ನನ್ನ ಕೈಯಲ್ಲಿ ಏಮಾರದವರು ಯಾರೂ ಇರಲಿಲ್ಲ. ಜಂಬ ಅಲ್ಲ, ಸತ್ಯ. ಮಂತ್ರಿ ಬರುತ್ತಾರೆ ಎಂದು ಹೇಳಿ ಒಬ್ಬ ವಾಚ್‌ಮನ್ನನ್ನು ಊಟದ ಹೊತ್ತಿನವರೆಗೆ ಬಿಸಿಲಲ್ಲಿ ನೆಟ್ಟಗೆ ನಿಲ್ಲಿಸಿದ್ದೇನೆ. ಒಬ್ಬ ಮ್ಯಾನೇಜರನ ಟೇಬಲ್ಲಿನ ಮೇಲೆ ನಿಂಬೆಹಣ್ಣಿಗೆ ಕುಂಕುಮ ಹಚ್ಚಿ ಇಟ್ಟು, ಆತ ಮೂರು ದಿನ ರಜೆ ಹಾಕಿ ಯಾವುದೋ ದೇವಸ್ಥಾನದಲ್ಲಿ ತಡೆ ಒಡೆಸಿಕೊಂಡು ಬರುವಂತೆ ಮಾಡಿದ್ದೇನೆ. ನಾನು ಕೆಲಸ ಮಾಡುತ್ತಿದ್ದ ಲೇತ್ ಶಾಪು ಮುಚ್ಚಿದಾಗ ಅತ್ತವರು ಕಡಿಮೆ, ನನ್ನ ಕಾಟ ತಪ್ಪಿತೆಂದು ನಿಟ್ಟುಸಿರು ಬಿಟ್ಟವರೇ ಜಾಸ್ತಿ.

ಆಮೇಲೆ ನನಗೆ ಕಲಿಸುವವನ ಕೆಲಸ ಸಿಕ್ಕಿದ್ದು ಅಲ್ಲೇ ಎರಡು ರಸ್ತೆ ಆಚೆ, ಕಣ್ಣಿಲ್ಲದವರಿಗೆ ಕಸಬು ಕಲಿಸುವ ಒಂದು ಕೇಂದ್ರದಲ್ಲಿ. ಶೀಟು ಹೊದಿಸಿದ ದೊಡ್ಡ ಶೆಡ್ಡು. ಮೇಣದಬತ್ತಿ ಎರೆಯುವುದು, ಕುರ್ಚಿಗೆ ವೈರು ಹೆಣೆಯುವುದು, ಬಾಟಲಿಗೆ ಫಿನೈಲು ತುಂಬುವುದು. ಇಷ್ಟೇ ಪಾಠ. ಇದನ್ನೇ ಕಲಿಸಬೇಕು ಎಂದು ತೀರ್ಮಾನಿಸಿದವರು ಯಾರು ಎಂದು ನಾನು ಕೇಳಲಿಲ್ಲ. ಕಣ್ಣಿದ್ದವರು ತೀರ್ಮಾನಿಸಿರುತ್ತಾರೆ, ಇನ್ಯಾರು? ಅದು ಆಗ ನನಗೆ ವಿಚಿತ್ರವಾಗಿ ಕಾಣಲೂ ಇಲ್ಲ. ನನಗೂ ಕಣ್ಣಿತ್ತಲ್ಲ.

ಕಾರ್ಯದರ್ಶಿಗಳು ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿ ಜೀವನ ಸವೆಸಿದ ನಿವೃತ್ತ ಅಧಿಕಾರಿ. ಕೆಟ್ಟವರಲ್ಲ. ಕಣ್ಣಿಲ್ಲದವರ ಕಷ್ಟ ಕೇಳಿದರೆ ಕರವಸ್ತ್ರ ತೆಗೆಯುತ್ತಿದ್ದರು. ಕರವಸ್ತ್ರ ಎಷ್ಟು ಬೇಕಾದರೂ ಕೊಡುತ್ತಿದ್ದರು, ಕುರ್ಚಿ ಮಾತ್ರ ಕೊಡುತ್ತಿರಲಿಲ್ಲ.

ಅಲ್ಲಿಗೆ ಒಂದು ದಿನ ಒಬ್ಬರು ಹೊಸಬರು ಬಂದರು. ಮೂವತ್ತರ ಆಸುಪಾಸು, ಗದಗದ ಕಡೆಯವರು. ಪೀಣ್ಯದಲ್ಲೇ ಒಂದು ಕಾರ್ಖಾನೆಯಲ್ಲಿದ್ದಾಗ ಕೆಮಿಕಲ್ ಸಿಡಿದು ಎರಡೂ ಕಣ್ಣು ಹೋಗಿದ್ದವು. ಮೊದಲ ದಿನ ಮೇಣದಬತ್ತಿಯ ಅಚ್ಚನ್ನು ಕೈಗೆ ಕೊಟ್ಟೆವು. ತಿರುಗಿಸಿ ಮುರುಗಿಸಿ ಮುಟ್ಟಿದರು. ಮೂಸಿದರು.

"ಇದನ್ನ ಯಾರು ತಗೋತಾರ್ರಿ ಸರ?"

"ದಾನಿಗಳಿದ್ದಾರಪ್ಪ. ದೀಪಾವಳಿಗೆ ಎಲ್ಲಾ ಖಾಲಿ ಆಗತ್ತೆ," ಎಂದರು ಕಾರ್ಯದರ್ಶಿ.

"ದೀಪಾವಳಿ ಮುಗಿದ ಮ್ಯಾಲ?"

ಕಾರ್ಯದರ್ಶಿ ಕೆಮ್ಮಿದರು.

"ಅಲ್ರಿ ಸರ, ಈ ಶೆಡ್ಡಿನ ಬಾಗಲದಾಗ ನಿಂತು ಕಲ್ಲು ಒಗದ್ರ ಅದು ನಟ್ಟು ಬೋಲ್ಟು ಮಾಡೋ ಕಾರ್ಖಾನಿ ಮ್ಯಾಲ ಬೀಳತೈತಿ. ಮೇಣಬತ್ತಿ ಕಾರ್ಖಾನಿ ಒಂದರ ಐತೇನ್ರಿ ಇಲ್ಲಿ? ಮತ್ತ ನಾವ್ಯಾಕ ಮೇಣಬತ್ತಿ ಕಲೀಬೇಕು? ನಮಗರ ಬತ್ತಿ ಬೇಕಿಲ್ಲ."

ಕಾರ್ಯದರ್ಶಿಯ ಬೆನ್ನ ಹಿಂದೆ ನಾನು ಮುಖ ಸೊಟ್ಟ ಮಾಡಿದೆ. ಅವರು ತಟ್ಟನೆ ನನ್ನ ಕಡೆ ತಿರುಗಿ, "ಸರ, ನಗಬ್ಯಾಡ್ರಿ, ಖರೇನ ಕೇಳಾಕತ್ತೀನಿ," ಎಂದರು.

ನಾನು ಸದ್ದೇ ಮಾಡಿರಲಿಲ್ಲ. ಅವತ್ತೇ ನನಗೆ ಅನುಮಾನ ಹುಟ್ಟಿತು. ಈ ಮನುಷ್ಯನಿಗೆ ಕಣ್ಣು ಕಾಣುತ್ತದೆ!

ಅನುಮಾನ ಅನ್ನುವುದು ಹಲ್ಲಿನ ಸಂದಿಗೆ ಸಿಕ್ಕಿಕೊಂಡ ಅಡಿಕೆ ಚೂರಿನ ಹಾಗೆ. ನಾಲಿಗೆ ಸುಮ್ಮನಿರುವುದಿಲ್ಲ. ಅವರ ಎದುರು ನಾಲಿಗೆ ಚಾಚಿ ನೋಡಿದೆ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹಿಂದಿನಿಂದ ಹೋಗಿ ನಿಂತೆ. "ಬರ್ರಿ ಸರ, ಕೂಡ್ರಿ," ಎಂದು ಸ್ಟೂಲು ಸರಿಸಿದರು. ಬಾಗಿಲಿಗೆ ಅಡ್ಡಲಾಗಿ ನನ್ನ ಕೊಡೆ ನೇತುಹಾಕಿದೆ. ಒಂದು ಹೆಜ್ಜೆ ಇರುವಾಗಲೇ ನಿಂತು, ಕೋಲಿನಿಂದ ಅದನ್ನು ಎತ್ತಿ, "ಇದು ಯಾರದ್ರಿ, ಒಣಗಿಸಾಕ ಹಾಕೀರೇನು?" ಎಂದರು. ನಾನು ನಶ್ಯ ಏರಿಸುವವನು, ಆ ಘಾಟು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತದೆ ಅನ್ನುವುದು ನನಗೆ ಹೊಳೆದದ್ದು ತಿಂಗಳುಗಳ ನಂತರ.

ಅವರು ನನಗಿಂತ ದೊಡ್ಡ ಅನುಮಾನದ ಪ್ರಾಣಿ. ಯಾವುದನ್ನೂ ಒಂದು ಸಲಕ್ಕೆ ನಂಬುತ್ತಿರಲಿಲ್ಲ. ಬೆಂಚಿನ ಅಂಚನ್ನು ಎರಡು ಸಲ ಮುಟ್ಟುತ್ತಿದ್ದರು. ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿನ ನಂಬರನ್ನು ಒಬ್ಬರಿಗೆ ಕೇಳಿ, ಥ್ಯಾಂಕ್ಸ್ ಹೇಳಿ, ನಾಲ್ಕು ಹೆಜ್ಜೆ ಆಚೆ ಹೋಗಿ ಇನ್ನೊಬ್ಬರಿಗೆ ಅದನ್ನೇ ಕೇಳುತ್ತಿದ್ದರು. ಎರಡೂ ಉತ್ತರ ಒಂದೇ ಆದರೆ ಮಾತ್ರ ಹತ್ತುತ್ತಿದ್ದರು. ಎಷ್ಟೋ ಬಸ್ಸು ತಪ್ಪಿಸಿಕೊಂಡಿದ್ದಾರೆ. ಎಂದೂ ತಪ್ಪು ಬಸ್ಸು ಹತ್ತಿಲ್ಲ.

ಮೇಣದಬತ್ತಿ ಎರೆಯುತ್ತಲೇ ಅವರು ಸುತ್ತಲಿನ ಕಾರ್ಖಾನೆಗಳಿಗೆ ಒಬ್ಬರೇ ಕೋಲು ಹಿಡಿದು ಹೋಗಿ ಬರತೊಡಗಿದರು. ಕೊನೆಗೊಬ್ಬ ಮಾಲೀಕರು ಒಂದು ಕೆಲಸ ಕೊಟ್ಟು ನೋಡಲು ಒಪ್ಪಿದರು. ನಟ್ಟುಗಳನ್ನು ಪರೀಕ್ಷಿಸುವ ಕೆಲಸ. ಅದಕ್ಕೊಂದು ಗೇಜು ಇರುತ್ತದೆ. ಪೆನ್ನಿನ ಹಾಗೆ, ಎರಡು ತುದಿ. ಒಂದು ತುದಿ ನಟ್ಟಿನೊಳಗೆ ಸಲೀಸಾಗಿ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಮೊದಲನೆಯದು ಹೋಗದಿದ್ದರೆ ನಟ್ಟು ಬಿಗಿ, ಎರಡನೆಯದು ಹೋದರೆ ಸಡಿಲ. ಎರಡೂ ರಿಜೆಕ್ಟು. ಇದಕ್ಕೆ ಕಣ್ಣು ಬೇಡ, ಬೆರಳು ಸಾಕು. ಕಣ್ಣಿದ್ದವರು ಗಂಟೆಗೆ ನಾಲ್ಕು ಸಲ ಫೋನು ನೋಡುತ್ತಾರೆ, ಇವರು ನೋಡುವುದಿಲ್ಲ ಎಂದು ಮಾಲೀಕರೇ ಆಮೇಲೆ ಹೇಳಿದರು. ಕೇಂದ್ರದಲ್ಲಿ ಚೆಕಿಂಗ್ ವಿಭಾಗ ಶುರುವಾಯಿತು. ಉಳಿದವರಿಗೆ ಕಲಿಸುವವರೂ ಅವರೇ ಆದರು. ಹೀಗೆ ಅವರು ಎಲ್ಲರ ಬಾಯಲ್ಲಿ ಚೆಕಿಂಗ್ ಮಾಸ್ತರು.

ಇಲ್ಲಿ ಬರುತ್ತದೆ ನನ್ನ ನಟ್ಟು. ಅವರಿಗೆ ಕಣ್ಣು ಕಾಣುತ್ತದೋ ಇಲ್ಲವೋ ಕಡೇ ಪರೀಕ್ಷೆ ಮಾಡೇಬಿಡೋಣ ಎಂದು, ಪಕ್ಕದ ಕಾರ್ಖಾನೆಯ ಲೇತಿನ ಮುಂದೆ ನಿಂತು ಒಂದು ನಟ್ಟನ್ನು ಕಲಾಕಾರನ ಹಾಗೆ ಕೆಡಿಸಿದೆ. ಹೊರಗಿನಿಂದ ಮದುಮಗನ ಹಾಗೆ ಹೊಳೆಯುತ್ತದೆ, ಒಳಗೆ ಥ್ರೆಡ್ಡು ಅರ್ಧಕ್ಕೇ ನಿಂತಿದೆ. ಒಳ್ಳೆಯವುಗಳ ಟ್ರೇಯೊಳಗೆ ಬೆರೆಸಿಟ್ಟೆ. ಸಂಜೆಯವರೆಗೂ ಕಾದೆ. ಮಾಸ್ತರು ಏನೂ ಹೇಳಲಿಲ್ಲ. ಮರುದಿನ ಮಧ್ಯಾಹ್ನ ನನ್ನ ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನದ ಎರಡನೇ ತುತ್ತಿಗೇ ಹಲ್ಲಿಗೆ ಕಟಕ್ ಎಂದು ಏನೋ ಸಿಕ್ಕಿತು. ಉಗಿದು ನೋಡಿದರೆ ಅದೇ ನಟ್ಟು!

"ಸರ, ನಿಮ್ಮ ಪೀಸು ರಿಜೆಕ್ಟ್ ಆತ್ರಿ," ಎಂದರು ಮಾಸ್ತರು ಬೆಂಚಿನ ಆ ತುದಿಯಿಂದ. "ಮಾಲೀಕರಿಗೆ ವಾಪಸ್ ಕಳಿಸೀನಿ."

ಇಡೀ ಶೆಡ್ಡು ಬಿದ್ದು ಬಿದ್ದು ನಕ್ಕಿತು. ನನ್ನ ಜೀವಮಾನದಲ್ಲಿ ಮೊದಲ ಸಲ ನಾನು ಏಮಾರಿದ್ದೆ.

"ನನ್ನ ಡಬ್ಬಿ ಅಂತ ಹೆಂಗ್ರೀ ಗೊತ್ತಾಯ್ತು?"

"ಮುಚ್ಚಳಕ್ಕ ಎಡಕ್ಕೊಂದು ತಗ್ಗು ಐತಲ್ರಿ."

"ನಟ್ಟು ನಂದೇ ಅಂತ?"

"ಮಶೀನಿನ್ಯಾಗ ಕೆಟ್ಟ ಪೀಸು ಹೆಂಗೆಂಗರ ಕೆಟ್ಟಿರತೈತಿ. ಇದು ಬೇಕಂತ ಕೆಡಿಸಿದ್ದು. ಭಾಳ ಚೆಂದ ಕೆಟ್ಟಿತ್ರಿ ಸರ."

ಭಾಳ ಚೆಂದ... ಆ ಮಾತನ್ನು ನಾನು ಆವತ್ತು ಹೊಗಳಿಕೆ ಎಂದುಕೊಂಡು ಮನೆಗೆ ಹೋದೆ.

ಚೆಕಿಂಗ್ ವಿಭಾಗದಿಂದ ನಾಲ್ಕಾರು ಜನಕ್ಕೆ ಕಾರ್ಖಾನೆಗಳಲ್ಲಿ ಕೆಲಸವಾಯಿತು. ಆಗ ಮಾಸ್ತರು ಮತ್ತು ಉಳಿದ ಹತ್ತು ಜನ ಸೇರಿ ಒಂದು ಮಾತು ಎತ್ತಿದರು. ಇಲ್ಲಿ ಏನು ಕಲಿಸಬೇಕು, ಹೇಗೆ ಕಲಿಸಬೇಕು ಅನ್ನುವುದನ್ನು ಕಲಿಯುವವರನ್ನು ಕೇಳಿ ತೀರ್ಮಾನಿಸಿ. ಸಮಿತಿಯಲ್ಲಿ ನಮಗೂ ಜಾಗ ಕೊಡಿ. ಅದೇ ಹೊತ್ತಿಗೆ ಕೇಂದ್ರದ ನಿಯಮಾವಳಿಯನ್ನು ಹೊಸದಾಗಿ ಬರೆಯಬೇಕಾಗಿತ್ತು, ಅದಕ್ಕೆ ಇವರೆಲ್ಲರ ಒಪ್ಪಿಗೆಯ ಸಹಿಯೂ ಬೇಕಾಗಿತ್ತು. ಕಾರ್ಯದರ್ಶಿ ಸಭೆ ಕರೆದು, ಕರವಸ್ತ್ರ ತೆಗೆದು, ಆರು ಜನರ ಸಮಿತಿಯಲ್ಲಿ ಮೂರು ಕುರ್ಚಿ ಕಣ್ಣಿಲ್ಲದವರಿಗೆ, ಅವರಿಗೆ ಓಟಿನ ಹಕ್ಕೂ ಉಂಟು, ಕಲಿಕೆಯ ತೀರ್ಮಾನ ಆ ಸಮಿತಿಯದೇ ಎಂದು ಘೋಷಿಸಿದರು. ಚಪ್ಪಾಳೆಗೆ ಶೀಟು ಅದುರಿತು. ಮಾಸ್ತರು ಮಾತ್ರ, "ಬರವಣಿಗ್ಯಾಗ ಬರಲಿ ತಡೀರಿ," ಎಂದರು.

ಬರವಣಿಗೆ ಬಂತು. ಕಾರ್ಯದರ್ಶಿ ನನ್ನನ್ನು ರೂಮಿಗೆ ಕರೆದರು.

"ಏನ್ರೀ, ನಿಮ್ಮ ವಾಯ್ಸ್ ಚೆನ್ನಾಗಿದೆ. ಸಹಿಗೆ ಮುಂಚೆ ಅವ್ರಿಗೆಲ್ಲಾ ನೀವೇ ಓದಿ ಹೇಳ್ಬಿಡಿ. ಮೂರನೇ ಪೇಜಲ್ಲಿ ಒಂದು ಪ್ಯಾರಾ ಸ್ವಲ್ಪ ಟೆಕ್ನಿಕಲ್. ಅದನ್ನ ಓದಿದ್ರೆ ಸುಮ್ನೆ ಕನ್‌ಫ್ಯೂಸ್ ಆಗ್ತಾರೆ. ಮೀಟಿಂಗಲ್ಲಿ ಹೇಳಿದ್ವಲ್ಲ, ಅದನ್ನೇ ಹೇಳಿ."

ನಾನು ಆ ಪ್ಯಾರಾ ನೋಡಿದೆ. ಮೂವರನ್ನು ಅಗತ್ಯವೆನಿಸಿದಾಗ ವಿಶೇಷ ಆಹ್ವಾನಿತರಾಗಿ ಕರೆಯಬಹುದು. ಮತದ ಹಕ್ಕು ಇರುವುದಿಲ್ಲ. ಕಲಿಕೆಯ ವಿಷಯಗಳನ್ನು ಕಾರ್ಯದರ್ಶಿಗಳೇ ನಿರ್ಧರಿಸತಕ್ಕದ್ದು.

"ಸಾರ್, ಇಲ್ಲಿ ಬೇರೆ ಥರ ಬರ್ದಿದೆಯಲ್ಲ?"

"ಎಲ್ಲಾ ಒಂದೇ ಕಣ್ರೀ. ಇವ್ರಿಗೆ ಒಳ್ಳೇದಾಗ್ಲಿ ಅಂತಾನೇ ತಾನೆ ನಾವೆಲ್ಲ ಇರೋದು? ಅಂದ ಹಾಗೆ, ನಿಮ್ಮ ರಿನ್ಯೂವಲ್ ಫೈಲು ನನ್ನ ಟೇಬಲ್ ಮೇಲೇ ಇದೆ. ಸೋಮವಾರ ನೋಡ್ತೀನಿ."

ನಾನು ವರ್ಷದ ಗುತ್ತಿಗೆಯವನು. ಸೋಮವಾರ ಅನ್ನುವ ಪದ ಕಿವಿಯಲ್ಲಿ ಕೂತಿತು. ಅದರ ಜೊತೆಗೆ ಇನ್ನೊಂದೂ ಇತ್ತು, ಸುಳ್ಳು ಹೇಳುವುದಿಲ್ಲ. ಚಿತ್ರಾನ್ನದ ನಟ್ಟಿನ ಬಾಕಿ. ನನ್ನನ್ನು ಏಮಾರಿಸಿದ ಮನುಷ್ಯನನ್ನು ಏಮಾರಿಸುವ ಅವಕಾಶ. ಹುಡುಗಾಟಕ್ಕೂ ಮೋಸಕ್ಕೂ ನಡುವೆ ಗೋಡೆ ಇರುತ್ತದೆ ಎಂದುಕೊಂಡಿದ್ದೆ. ಇರಲಿಲ್ಲ.

ಶುಕ್ರವಾರ ಹನ್ನೊಂದು ಜನರನ್ನೂ ಕೂರಿಸಿಕೊಂಡು ಓದಿದೆ. ಏನು ಓದಿದೆ ಅಂತೀರಿ! ರೇಡಿಯೋದ ವಾರ್ತೆ ನನ್ನ ಮುಂದೆ ಸಪ್ಪೆ. ಮೂರನೇ ಪೇಜಿನಲ್ಲಿ ಆ ಪ್ಯಾರಾ ಹಾರಿಸಿ, ಅದರ ಜಾಗಕ್ಕೆ ಸಭೆಯಲ್ಲಿ ಹೇಳಿದ್ದನ್ನು ನನ್ನದೇ ಮಾತಿನಲ್ಲಿ ಕೂರಿಸಿ, ಎಲ್ಲೂ ತಡವರಿಸದೆ ನಾಲ್ಕನೇ ಪೇಜಿಗೆ ಜಾರಿದೆ.

ಮಾಸ್ತರು ಕೋಲಿನ ತುದಿಯನ್ನು ಬೆರಳಲ್ಲಿ ತಿರುಗಿಸುತ್ತಾ ಕೇಳಿದರು. "ಮೂರನೇ ಹಾಳಿ ಸಣ್ಣದೈತೇನ್ರಿ ಸರ?"

"ಹೂಂ ಮಾಸ್ತರೇ. ಅರ್ಧ ಪೇಜಷ್ಟೆ."

"ಹೌದೇನ್ರಿ," ಎಂದರು. ಅಷ್ಟೆ. ನಾನು ಗೆದ್ದೆ ಎಂದುಕೊಂಡೆ. ಆದರೆ ಆ 'ಹೌದೇನ್ರಿ' ರಾತ್ರಿಯೆಲ್ಲ ಕಿವಿಯಲ್ಲಿ ಅರ್ಧಕ್ಕೇ ನಿಂತಿತ್ತು.

ಶನಿವಾರ ಸಹಿ. ಕಾರ್ಯದರ್ಶಿ, ಸಮಿತಿಯ ಇನ್ನಿಬ್ಬರು ದೊಡ್ಡವರು, ಮೇಜಿನ ಮೇಲೆ ಸ್ಟಾಂಪ್ ಪ್ಯಾಡು. ಪೆನ್ನು ಕೈಗೆ ಕೊಟ್ಟಾಗ ಮಾಸ್ತರು ಅದನ್ನು ಮೇಜಿನ ಮೇಲಿಟ್ಟರು.

"ಸರ, ಇನ್ನೊಂದ್ಸಲ ಓದಸ್ರಿ."

"ನಿನ್ನೆ ತಾನೆ ಓದಿದಾರಲ್ಲಪ್ಪ. ಇವ್ರೇ ಓದ್ತಾರೆ ಬೇಕಾದ್ರೆ."

"ಇವರು ಬ್ಯಾಡ್ರಿ. ಇವರು ಭಾಳ ಚೆಂದ ಓದ್ತಾರ."

ಮಾಸ್ತರು ಗೇಟಿನ ಕಡೆ ತಿರುಗಿ ಕೂಗಿದರು. "ಅಕ್ಕಾ! ಒಂದೀಟು ಒಳಗ ಬರ್ರಿ."

ಗೇಟಿನ ಹೊರಗೆ ಟೀ ಅಂಗಡಿ ಇಟ್ಟಿದ್ದ ಅಕ್ಕ ಅವರು. ಚಿಕ್ಕಬಾಣಾವರದ ಆಚೆ ಯಾವುದೋ ಹಳ್ಳಿಯಲ್ಲಿ ಐದನೇ ಕ್ಲಾಸಿನವರೆಗೆ ಓದಿದವರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದರು.

"ಏನಣ್ಣ? ಸಕ್ಕರೆ ಜಾಸ್ತಿ ಆಯ್ತಾ?"

"ಇಲ್ರಿ ಅಕ್ಕ. ಈ ಕಾಗದ ಓದ್ರಿ."

"ಅಯ್ಯೋ ನಂಗೆಲ್ ಬತ್ತದೆ ಇಂತಾವೆಲ್ಲ! ಒಂದೊಂದೇ ಅಕ್ಸರ ಕೂಡಿಸ್ಕಂಡ್ ಓದದು ನಾನು."

"ಅದಕ್ಕಽ ನಿಮ್ಮನ್ನ ಕರದದ್ದು."

ಅಕ್ಕ ಓದಿದರು. ಒಂದೊಂದು ಅಕ್ಷರಕ್ಕೂ ಬೆರಳಿಟ್ಟು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ. ಹಾಗೆ ಓದುವವರಿಗೆ ಹಾರಿಸಲು ಬರುವುದಿಲ್ಲ. ಮುಂದೆ ಏನಿದೆ ಎಂದು ಅವರಿಗೇ ಗೊತ್ತಿರುವುದಿಲ್ಲವಲ್ಲ! ಪೇಜಿನ ನಂಬರನ್ನೂ ಓದಿದರು. ಕಾರ್ಯದರ್ಶಿ ಎರಡು ಸಲ "ಸಾಕು ಬಿಡಮ್ಮ, ಟೀ ಉಕ್ಕುತ್ತೆ ನೋಡು," ಎಂದರು. "ಒಲೆ ಆರ್ಸಿ ಬಂದಿವ್ನಿ ಸಾ," ಎಂದು ಅಕ್ಕ ಬೆರಳು ಮುಂದೆ ಸರಿಸಿದರು. ಮೂರನೇ ಪೇಜು ಬಂತು.

"ಮ-ತ-ದ... ಹ-ಕ್ಕು... ಇ-ರು-ವು-ದಿ-ಲ್ಲ." ಅಕ್ಕ ಬೆರಳು ಎತ್ತಿದರು. "ಅಂಗಂದ್ರೆ ಓಟಿಲ್ವಾ? ಓಟಿಲ್ದೆ ಇವ್ರೇನ್ ಮಾಡಕ್ ಬರ್ಬೇಕು ಮೀಟಿಂಗ್ಗೆ? ಟೀ ಕುಡಿಯಕ್ಕಾ? ಅದನ್ನ ನಾನೇ ಕೊಡ್ತಿವ್ನಲ್ಲ!"

ಯಾರೂ ನಗಲಿಲ್ಲ. ಹನ್ನೊಂದು ಜನ. ಹನ್ನೊಂದು ಮುಖಗಳೂ ನನ್ನ ಕಡೆ ತಿರುಗಿದವು. ನೋಡಲಾರದವರ ನೋಟದಷ್ಟು ನೆಟ್ಟಗೆ ಯಾರ ನೋಟವೂ ನನಗೆ ತಾಗಿಲ್ಲ.

"ಟೈಪಿಂಗ್ ಮಿಸ್ಟೇಕ್ ಇರ್ಬೇಕು," ಎಂದರು ಕಾರ್ಯದರ್ಶಿ.

"ಇರಬಹುದ್ರಿ," ಎಂದರು ಮಾಸ್ತರು. "ಟೈಪಿಂಗಿನ್ಯಾಗ ಎಲ್ಲಿ ಮಿಸ್ಟೇಕ್ ಆತೋ, ನಿನ್ನೆ ಓದೂದರಾಗೂ ಸರಿಯಾಗಿ ಅಲ್ಲೇ ಮಿಸ್ಟೇಕ್ ಆಗೈತಿ. ದೇವರ ಲೀಲೆ."

ಆಮೇಲೆ ಅವರು ಜೇಬಿನಿಂದ ತಮ್ಮ ಗೇಜು ತೆಗೆದು ಮೇಜಿನ ಮೇಲಿಟ್ಟರು. "ಸರ, ಇದಕ್ಕ ಎರಡು ತುದಿ ಯಾಕಿರ್ತಾವ್ರಿ? ಒಂದು ತುದಿ ಹೂಂ ಅನ್ನಬೇಕು, ಇನ್ನೊಂದು ಊಹೂಂ ಅನ್ನಬೇಕು. ಬರೇ ಹೂಂ ಅನ್ನೋ ಗೇಜು ಸಡಲ ಇದ್ದದ್ದನ್ನೆಲ್ಲಾ ಪಾಸ್ ಮಾಡಿಬಿಡತೈತಿ. ಇನ್ನ ಮ್ಯಾಲ ಇಲ್ಲಿ ಯಾವ ಕಾಗದ ಆದ್ರೂ ಎರಡು ಬಾಯಿ ಓದಬೇಕು. ಒಂದು ನೀವು ಆರಿಸಿದ ಬಾಯಿ, ಇನ್ನೊಂದು ನಾವು ಆರಿಸಿದ ಬಾಯಿ. ಅದೂ ನಿಯಮಾವಳಿಯೊಳಗ ಬರಲಿ. ಅಲ್ಲೀತನಕ ಸಹಿ ಇಲ್ರಿ."

ಹನ್ನೊಂದು ಜನರಲ್ಲಿ ಒಬ್ಬರೂ ಸಹಿ ಮಾಡಲಿಲ್ಲ. ಮೂರು ವಾರ ಎಳೆದಾಡಿ, ಕೊನೆಗೆ ಮೂರು ಕುರ್ಚಿ, ಓಟು, ಎರಡು ಬಾಯಿ ಎಲ್ಲವೂ ಕಾಗದಕ್ಕೆ ಬಂದವು. ಅಕ್ಕ ಮತ್ತೆ ಕೂತು ಅಕ್ಷರ ಕೂಡಿಸಿ ಓದಿದ ಮೇಲೆಯೇ ಸಹಿ ಬಿದ್ದದ್ದು.

ಸಹಿ ನಿಂತುಹೋದ ಆ ಶನಿವಾರ ಸಂಜೆ ನಾನು ಮಾಸ್ತರರ ಹಿಂದೆ ಹಿಂದೆ ಬಸ್ ಸ್ಟಾಪಿನವರೆಗೆ ನಡೆದೆ. ನಶ್ಯ ಏರಿಸಿರಲಿಲ್ಲ. ಆದರೂ, "ಬರ್ರಿ ಸರ, ಜೊತೀಲೇ ನಡೀರಿ," ಎಂದರು. ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು.

"ಕಣ್ಣು ಹ್ವಾದ ಮ್ಯಾಲ," ಎಂದರು, "ಕಟ್ಟು ಕಟ್ಟಿ ಮಲಗಿಸಿದ್ರು ಆಸ್ಪತ್ರೆಯೊಳಗ. ಕಾರ್ಖಾನಿಯಿಂದ ಒಬ್ಬ ಸರ ಬಂದ್ರು. ಕಾಗದ ಓದಿದ್ರು. ನಿಮಗ ನೆರವು ಸಿಗಾಕ ಇದು ಬೇಕು ಅಂದ್ರು. ಎಷ್ಟು ಚೆಂದ ಓದಿದ್ರು ಅಂತೀರಿ... ನಿಮ್ಮಂಗ. ಹೆಬ್ಬೆಟ್ಟು ಒತ್ತಿದೆ. ಆಮ್ಯಾಲ ಗೊತ್ತಾತು, ಕಣ್ಣಿನ ರಕ್ಷಣೆಗೆ ಕೊಟ್ಟ ಕನ್ನಡಕ ಹಾಕ್ಕೊಳ್ಳದ್ದು ನಂದೇ ತಪ್ಪು ಅಂತ ಅದರಾಗ ಬರದಿತ್ತಂತ. ಕನ್ನಡಕ ಅವರು ಕೊಟ್ಟಽ ಇರಲಿಲ್ರಿ."

ಜೇಬಿನಿಂದ ನಶ್ಯದ ಡಬ್ಬಿ ತೆಗೆದು, ತೆರೆಯದೆ ವಾಪಸ್ ಹಾಕಿದೆ.

"ಮಾಸ್ತರೇ... ನನ್ ಮೇಲೆ ಕೋಪ ಇದ್ಯಾ?"

"ಪೀಸಿನ ಮ್ಯಾಲ ಯಾರರ ಸಿಟ್ಟಾಗ್ತಾರೇನ್ರಿ? ಚೆಕ್ ಮಾಡ್ತಾರ, ಅಷ್ಟ." ಬಸ್ಸು ಬಂತು. "ಯಾವ ನಂಬರ್ರಿ ಸರ?" ಎಂದು ಕೇಳಿದರು. ಹೇಳಿದೆ. ಥ್ಯಾಂಕ್ಸ್ ಹೇಳಿದರು. ನಾಲ್ಕು ಹೆಜ್ಜೆ ಆಚೆ ಹೋಗಿ ಒಬ್ಬ ಹೂವಿನ ಹೆಂಗಸನ್ನು ಕೇಳಿ, ಆಮೇಲೆ ಹತ್ತಿದರು.

ಹೊಸ ಸಮಿತಿಯ ಮೊದಲ ಸಭೆಗೆ ಬಂದ ಮೊದಲ ವಿಷಯ ಏನು ಗೊತ್ತೇ? ನಾನು. ನನ್ನನ್ನು ಇಟ್ಟುಕೊಳ್ಳಬೇಕೋ ಬೇಡವೋ. ನಾನು ಬಾಗಿಲಿಗೆ ಕಿವಿ ಹಚ್ಚಿ ಹೊರಗೆ ನಿಂತಿದ್ದೆ. ಕಾರ್ಯದರ್ಶಿ ವಾಡಿಕೆಯಂತೆ, "ಬೇಡ ಅನ್ನೋರು ಕೈ ಎತ್ತಿ," ಎಂದರು. ಮಾಸ್ತರು ತಡೆದರು. "ಎತ್ತಿದ ಕೈ ನಮಗ ಕೇಳಸೂದಿಲ್ರಿ. ಮೇಜು ಕುಟ್ರಿ." ಒಳಗೆ ಗುಸುಗುಸು. ಆಮೇಲೆ ಟಕ್. ಸ್ವಲ್ಪ ತಡೆದು ಇನ್ನೊಂದು ಟಕ್. "ಬೇಕು ಅನ್ನೋರು?" ಟಕ್, ಟಕ್, ಟಕ್... ನಾಲ್ಕು.

ಉಳಿದೆ. ಬೇಡ ಎಂದವರಲ್ಲಿ ಒಬ್ಬರು ಕಾರ್ಯದರ್ಶಿ. ಅದರಲ್ಲಿ ನನಗೆ ಸಂಶಯವಿಲ್ಲ, ಅವರ ಗುಟ್ಟು ಬಲ್ಲ ಬಾಯಿ ನನ್ನದು. ಇನ್ನೊಬ್ಬರು ಯಾರು? ಒಳಗಿದ್ದವರಿಗೆ ಯಾವ ಮೂಲೆಯಿಂದ ಸದ್ದು ಬಂತು ಎಂದು ತಿಳಿದಿರುತ್ತದೆ. ಹೊರಗಿದ್ದ ನನಗೆ, ಎರಡು ಕಣ್ಣಿದ್ದ ನನಗೆ, ಬರೀ ಬಾಗಿಲು ಕಾಣುತ್ತಿತ್ತು.

ನಿರ್ಣಯದ ಕೆಳಗೆ ಒಂದು ಸಾಲು ಸೇರಿಸಿದ್ದರು. ಇವರು ಕಲಿಸಬಹುದು, ಕಾಗದ ಓದಬಾರದು.

ಆಮೇಲಿನ ವರ್ಷಗಳಲ್ಲಿ ಮೇಣದಬತ್ತಿಯ ಅಚ್ಚುಗಳು ಗುಜರಿಗೆ ಹೋದವು. ಕೋಲು ಹಿಡಿದು ನಡೆಯುವುದನ್ನು ಅಂಗಳದಲ್ಲಿ ಕಲಿಸುವುದು ನಿಂತು, ಲಾರಿ ಓಡಾಡುವ ಹೊತ್ತಿಗೇ ಪೀಣ್ಯದ ರಸ್ತೆಯಲ್ಲಿ ಕಲಿಸುವುದು ಶುರುವಾಯಿತು. ಕಲಿಸುವವರೂ ಕಣ್ಣಿಲ್ಲದವರೇ. ಬಸ್ಸಿನ ನಂಬರು ಇಬ್ಬರಿಗೆ ಕೇಳುವುದು ಮೊದಲ ಪಾಠ. ಫೋನುಗಳೇ ಕಾಗದ ಓದುವ ಕಾಲ ಬಂದಾಗಲೂ ಮಾಸ್ತರು, "ಫೋನು ಒಂದು ಬಾಯಿ. ಇನ್ನೊಂದು ಎಲ್ಲಿ?" ಎನ್ನುತ್ತಿದ್ದರು. ನಾನು ಕಲಿಸುತ್ತಾ ಇದ್ದೆ. ಹುಟ್ಟುಹಬ್ಬದ ಕಾರ್ಡು ಕೂಡ ಯಾರಿಗೂ ಓದಿ ಹೇಳಲಿಲ್ಲ. ಒಮ್ಮೆ ಧೈರ್ಯ ಮಾಡಿ ಕೇಳಿದೆ.

"ಮಾಸ್ತರೇ, ಅವತ್ತು ನೀವು ಯಾವ ಕಡೆ ಕುಟ್ಟಿದ್ರಿ?"

"ಮೇಜಿನ ಮ್ಯಾಲ ಕುಟ್ಟಿದ್ನಲ್ರಿ."

ಅವರು ಊರ ಕಡೆ ಹೋಗಿ ನೆಲೆಸಿದರು. ನಾನೂ ಚಿಕ್ಕಬಾಣಾವರದ ಮನೆ ಸೇರಿದೆ. ಹೋದ ವಾರ ಕೇಂದ್ರದಿಂದ ಫೋನು ಬಂತು. ಈಗ ಅದನ್ನು ನಡೆಸುವ ಹೆಣ್ಣುಮಗಳು, ಒಂದು ಕಾಲದಲ್ಲಿ ಮಾಸ್ತರರ ಕೈಕೆಳಗೆ ಗೇಜು ಹಿಡಿಯಲು ಕಲಿತವಳು, ಅವಳಿಗೂ ಕಣ್ಣಿಲ್ಲ. ಮಾಸ್ತರು ಹೋಗಿಬಿಟ್ಟರು ಎಂದಳು. ಭಾನುವಾರ ಸಂತಾಪ ಸಭೆ.

"ಸಂತಾಪ ನಿರ್ಣಯ ಓದ್ಬೇಕು ಅಂಕಲ್. ಒಂದು ಬಾಯಿ ನೀವು, ಇನ್ನೊಂದು ಟೀ ಅಕ್ಕ."

"ನಾನಾ? ನಾನು ಓದೋ ಹಾಗಿಲ್ವಲ್ಲಮ್ಮ. ನಿರ್ಣಯ ಆಗಿದೆ."

"ಅದನ್ನ ತೆಗೆದುಹಾಕಿ ಎಷ್ಟೋ ವರ್ಷ ಆಯ್ತು ಅಂಕಲ್. ಮಾಸ್ತರೇ ಸಮಿತೀಲಿ ತೆಗೆಸಿದ್ರು. ನಿಮಗೆ ಮಾತ್ರ ಹೇಳ್ಬೇಡಿ ಅಂದಿದ್ರು."

"ಯಾಕಂತೆ?"

"ಹೇಳಿದ್ರ ಮತ್ತ ಭಾಳ ಚೆಂದ ಓದಾಕ ಶುರು ಮಾಡ್ತಾರ ಅಂದ್ರು."

ಫೋನು ಇಟ್ಟು ಕೂತೆ. ಎಷ್ಟು ವರ್ಷ ನನ್ನನ್ನು ಏಮಾರಿಸಿದ್ದಾರೆ! ಆದರೆ ಅನುಮಾನ ನನ್ನ ರಕ್ತದಲ್ಲಿದೆ. ಮುದುಕನಿಗೆ ಸಮಾಧಾನವಾಗಲಿ ಎಂದು ಈ ಹುಡುಗಿ ಕಟ್ಟಿದ ಕಥೆ ಇರಬಾರದೇಕೆ? ಭಾನುವಾರ ಬೆಳಗ್ಗೆ ಗಡ್ಡ ಹೆರೆದು ಹೊರಡಲು ಬ್ಲೇಡು ಹುಡುಕುವಾಗಲೇ ಈ ನಟ್ಟು ಸಿಕ್ಕಿದ್ದು. ಜೇಬಿಗೆ ಹಾಕಿಕೊಂಡೆ.

ಚಿಕ್ಕಬಾಣಾವರದಿಂದ ಬಸ್ಸು ಹಿಡಿದು ಸಭೆಗೆ ಒಂದು ಗಂಟೆ ಮುಂಚೆಯೇ ಹೋಗಿ ಹಳೇ ನಡಾವಳಿ ಪುಸ್ತಕ ಕೇಳಿದೆ. ಕೊಟ್ಟಳು. ಹುಡುಕಿದೆ. ಇತ್ತು. ಓದಬಾರದು ಎಂಬ ಸಾಲನ್ನು ಕೈಬಿಡಲಾಗಿದೆ, ಕುಟ್ಟಿದವರು ಆರು, ವಿರೋಧ ಇಲ್ಲ. ಕಣ್ಣಾರೆ ಓದಿದೆ. ಆದರೂ ಸಮಾಧಾನವಾಗಲಿಲ್ಲ. ಪುಸ್ತಕ ಹಿಡಿದುಕೊಂಡು ಗೇಟಿನ ಹೊರಗೆ ಹೋದೆ. ಟೀ ಅಕ್ಕನಿಗೆ ಈಗ ದಪ್ಪ ಕನ್ನಡಕ.

"ಅಕ್ಕಾ, ಇದನ್ನ ಒಂದ್ಸಲ ಓದಿ."

"ಯಾಕಣ್ಣ, ನಿಂಗೆ ಓದಕ್ ಬರಲ್ವಾ?"

"ಬತ್ತದೆ. ನೀವೂ ಓದಿ."

ಅಕ್ಕ ನನ್ನ ಮುಖವನ್ನೇ ನೋಡಿ, ಬೆರಳಿಟ್ಟು ಓದಿದರು. ಕೈ-ಬಿ-ಡ-ಲಾ-ಗಿ-ದೆ. ಒಂದಕ್ಷರ ವ್ಯತ್ಯಾಸವಿಲ್ಲ. ಇದು ಎರಡನೇ ಸಲ ಕುಟ್ಟಿದ್ದರ ಲೆಕ್ಕ. ಮೊದಲನೇ ಸಲ, ನನ್ನನ್ನು ಬೇಡ ಎಂದ ಆ ಎರಡನೇ ಟಕ್ ಯಾರದು... ಅದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಕೇಳಲು ಇದ್ದ ಒಬ್ಬರೂ ಈಗಿಲ್ಲ.

ಸಭೆಯಲ್ಲಿ ನನ್ನನ್ನು ಕರೆದರು. ನಿರ್ಣಯ ಅರ್ಧ ಪೇಜು. ಜೇಬಿನಲ್ಲಿ ನಟ್ಟನ್ನು ಬೆರಳಲ್ಲಿ ಹಿಡಿದುಕೊಂಡು ಓದತೊಡಗಿದೆ. ಅವರ ಹೆಸರಿನ ಹತ್ತಿರ ಬಂದಾಗ ಓದು ಅರ್ಧಕ್ಕೆ ನಿಂತಿತು. ಹಿಂದಿನ ಸಾಲಿಗೆ ಹೋದೆ. ಮತ್ತೆ ಅಲ್ಲೇ ನಿಂತಿತು. ಒಂದೊಂದು ಅಕ್ಷರಕ್ಕೂ ಬೆರಳಿಟ್ಟೆ. ಪೇಜಿನ ನಂಬರನ್ನೂ ಓದಿದೆ. ಎದುರಿನ ಸಾಲುಗಳಲ್ಲಿ ಯಾರೋ, ಸಾವಕಾಶ ಅಂಕಲ್, ಎಂದರು.

ಭಾಳ ಕೆಟ್ಟದಾಗಿ ಓದಿದೆ. ಈ ಸಲ ಬೇಕಂತ ಅಲ್ಲ.